ಬಿಗಿಯಾದ ಚರ್ಮದ ಬೂಟು: ಹಿಗ್ಗಿಸುವುದೇ, ಬದಲಿಸುವುದೇ?

ಹೊಸ ಚರ್ಮದ ಬೂಟು ಕಾಲಿಗೆ ಬಿಗಿಯಾದಾಗ ಉಪಾಯ ಹೇಳುವವರಿಗೆ ಕೊರತೆ ಇರುವುದಿಲ್ಲ. ದಪ್ಪ ಕಾಲುಚೀಲ ಹಾಕಿಕೊಂಡು ನಡೆದಾಡು, ಕೊಬ್ಬರಿ ಎಣ್ಣೆ ಸವರಿ ಇಡು, ಹೇರ್ ಡ್ರೈಯರ್ ಹಿಡಿ, ನೀರು ತುಂಬಿದ ಚೀಲವನ್ನು ಒಳಗಿಟ್ಟು ಫ್ರೀಜರಿಗೆ ಹಾಕು, ಬೂಟನ್ನು ಒಳಗಿನಿಂದ ಅಗಲಿಸುವ ಮರದ ಸ್ಟ್ರೆಚರ್ ತರಿಸಿಕೋ, ರಿಪೇರಿಯವರಿಗೆ ಕೊಡು, ಇಲ್ಲವೇ ಅಂಗಡಿಗೆ ವಾಪಸು ಮಾಡು. ಇಷ್ಟನ್ನೂ ಕೇಳಿಸಿಕೊಂಡು ಗೊಂದಲಕ್ಕೆ ಬಿದ್ದವರು ನನ್ನನ್ನು ಕೇಳುವುದು ಒಂದೇ: ಇವುಗಳಲ್ಲಿ ಯಾವುದು ಒಳ್ಳೆಯದು?

ಬೂಟು ಎಲ್ಲಿ ಹಿಡಿಯುತ್ತಿದೆ ಎಂಬುದು ಗೊತ್ತಾಗದೆ ಈ ಪ್ರಶ್ನೆಗೆ ಉತ್ತರ ಹೇಳಲು ಬರುವುದಿಲ್ಲ. ಚರ್ಮದ ಬೂಟಿನ ಅಗಲವನ್ನು ಕೊಂಚ ಹೆಚ್ಚಿಸಬಹುದು. ಪಾದದ ಮೇಲ್ಭಾಗದಲ್ಲಿ ಕೊಂಚ ಜಾಗ ಮಾಡಿಕೊಳ್ಳಬಹುದು. ಉದ್ದವನ್ನು ಮಾತ್ರ ಹೆಚ್ಚಿಸಲಾಗದು. ಬೆರಳ ತುದಿಯ ಕಡೆ ಆಕಾರ ಕೆಡದಿರಲೆಂದು ಚರ್ಮದ ಪದರಗಳ ನಡುವೆ ಗಟ್ಟಿ ತುಂಡೊಂದನ್ನು ಇಟ್ಟಿರುತ್ತಾರೆ, ಹಿಮ್ಮಡಿಯ ಸುತ್ತಲೂ ಅಂಥದ್ದೇ ಇನ್ನೊಂದು ಇರುತ್ತದೆ. ಇವೆರಡರ ನಡುವಿನ ದೂರವನ್ನು ಅಟ್ಟೆ ಹಿಡಿದಿಟ್ಟಿರುತ್ತದೆ. ಎಷ್ಟೇ ಎಳೆದರೂ ಅಟ್ಟೆ ಉದ್ದವಾಗುವುದಿಲ್ಲ. ಹೆಬ್ಬೆರಳು ಮುಂದಕ್ಕೆ ತಾಗುವ ಬೂಟಿಗೆ ಹಣ ಸುರಿಯುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಆ ಹಣ ಹೊಸ ಸೈಜಿಗೆ ಹೋಗಬೇಕಾದದ್ದು.

ನಿರ್ಧರಿಸುವ ಮುನ್ನ ನೋಡಬೇಕಾದದ್ದು

ಮೊದಲು ಪಾದವನ್ನು ಅಳೆಯಿರಿ. ಸಂಜೆಯ ಹೊತ್ತಿಗೆ ಅಳೆಯುವುದು ಉತ್ತಮ, ಏಕೆಂದರೆ ದಿನವಿಡೀ ನಿಂತು ನಡೆದ ಪಾದ ಬೆಳಿಗ್ಗೆಗಿಂತ ಸ್ವಲ್ಪ ಊದಿಕೊಂಡಿರುತ್ತದೆ. ಬೂಟಿನ ಒಳಗಿನ ಮೆತ್ತೆಯನ್ನು, ಅಂದರೆ ಇನ್‌ಸೋಲನ್ನು ತೆಗೆಯಲು ಬರುವುದಾದರೆ ಅದನ್ನು ನೆಲದ ಮೇಲಿಟ್ಟು ಪೂರ್ತಿ ಭಾರ ಹಾಕಿ ನಿಲ್ಲಿ. ಪಾದದ ಅಂಚು ಎಲ್ಲಿ ಹೊರಗೆ ಚಾಚುತ್ತದೆ? ಬೆರಳ ಬುಡದ ಎರಡೂ ಕಡೆ ಎರಡು ಮೂರು ಮಿಲಿಮೀಟರ್ ಚಾಚಿದರೆ ಹಿಗ್ಗಿಸಿ ಸರಿಪಡಿಸಬಹುದು. ಒಂದೊಂದು ಕಡೆಯೂ ಬೆರಳಿನ ದಪ್ಪದಷ್ಟು ಚಾಚಿದರೆ ಅದು ನಿಮ್ಮ ಬೂಟಲ್ಲ. ಉದ್ದ ತಿಳಿಯಲು ಲೇಸು ಸಡಿಲಿಸಿ, ಬೆರಳ ತುದಿ ಮುಂದಕ್ಕೆ ತಾಗುವವರೆಗೆ ಪಾದವನ್ನು ತಳ್ಳಿ, ಹಿಮ್ಮಡಿಯ ಹಿಂದೆ ತೋರುಬೆರಳು ಇಳಿಯುತ್ತದೆಯೇ ನೋಡಿ. ಇಳಿದರೆ ಉದ್ದ ಸಾಕು.

ಎರಡೂ ಪಾದಗಳನ್ನು ಅಳೆಯಿರಿ ಎಂಬುದನ್ನು ಒತ್ತಿ ಹೇಳುತ್ತೇನೆ. ಬಹುತೇಕ ಜನರಲ್ಲಿ ಒಂದು ಪಾದ ಇನ್ನೊಂದಕ್ಕಿಂತ ತುಸು ದೊಡ್ಡದು. ಎಷ್ಟೋ ಸಲ ಹಿಗ್ಗಿಸಬೇಕಾದದ್ದು ಒಂದು ಬೂಟನ್ನು ಮಾತ್ರ.

ಇನ್ನು ಹಿಮ್ಮಡಿ. ಹಿಮ್ಮಡಿಯ ಹಿಂದೆ ಬೂಟು ಕಚ್ಚಿ ಬೊಬ್ಬೆ ಎದ್ದರೆ ಬೂಟು ಬಿಗಿಯಾಗಿದೆ ಎಂದು ಹೆಚ್ಚಿನವರು ತಿಳಿಯುತ್ತಾರೆ. ಸಾಮಾನ್ಯವಾಗಿ ಇರುವುದು ಅದರ ತದ್ವಿರುದ್ಧ: ಅಲ್ಲಿ ಬೂಟು ಸಡಿಲವಾಗಿರುತ್ತದೆ, ಹೆಜ್ಜೆ ಹೆಜ್ಜೆಗೂ ಹಿಮ್ಮಡಿ ಮೇಲೆದ್ದು ಉಜ್ಜುತ್ತದೆ. ಅದನ್ನು ಹಿಗ್ಗಿಸಿದರೆ ಉಜ್ಜುವುದು ಇನ್ನೂ ಹೆಚ್ಚುತ್ತದೆ. ಅಲ್ಲಿಗೆ ಬೇಕಾದದ್ದು ಹಿಮ್ಮಡಿಗೆ ಅಂಟಿಸುವ ಸಣ್ಣ ಪ್ಯಾಡ್, ಇಲ್ಲವೇ ಲೇಸನ್ನು ಮೇಲ್ಗಡೆ ಬಿಗಿಯಾಗಿ ಕಟ್ಟುವುದು.

ಮುಂದಿನ ಪ್ರಶ್ನೆ ಚರ್ಮದ್ದು. ಆಡು ಮತ್ತು ಕರುವಿನ ಚರ್ಮ ತೆಳು, ಬೇಗ ಮಣಿಯುತ್ತದೆ. ದಪ್ಪ ಹಸುವಿನ ಚರ್ಮ, ಎಮ್ಮೆಯ ಚರ್ಮ ನಿಧಾನವಾಗಿ ಹಿಗ್ಗುತ್ತವೆ, ಆದರೆ ಹಿಗ್ಗಿದ ಮೇಲೆ ಆಕಾರವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತವೆ. ಮೃದು ರೋಮದಂತಿರುವ ಸ್ವೀಡ್ ಚರ್ಮ ಎಷ್ಟು ಸುಲಭವಾಗಿ ಹಿಗ್ಗುತ್ತದೆ ಎಂದರೆ ಅತಿಯಾಗದಂತೆ ನೋಡಿಕೊಳ್ಳುವುದೇ ಕಷ್ಟ. ಕನ್ನಡಿಯಂತೆ ಹೊಳೆಯುವ ಪೇಟೆಂಟ್ ಚರ್ಮದ ಮೇಲೆ ಪ್ಲಾಸ್ಟಿಕ್ ಲೇಪ ಇರುವುದರಿಂದ ಎಳೆದರೆ ಬಿರುಕು ಬಿಡುತ್ತದೆ. ರೆಕ್ಸಿನ್ ಅಥವಾ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಬೂಟು ಚರ್ಮವೇ ಅಲ್ಲ. ಅದರ ತಳದಲ್ಲಿ ನೇಯ್ದ ಬಟ್ಟೆ ಇರುತ್ತದೆ, ಒಂದು ಮಿತಿಯ ಆಚೆಗೆ ಅದು ಹಿಗ್ಗುವುದಿಲ್ಲ, ಹರಿಯುತ್ತದೆ. ಕೊಂಡಿರುವುದು ಯಾವುದು ಎಂಬ ಅನುಮಾನವಿದ್ದರೆ ಚರ್ಮದ ಕತ್ತರಿಸಿದ ಅಂಚನ್ನು ನೋಡಿ: ನಿಜವಾದ ಚರ್ಮದಲ್ಲಿ ಒತ್ತಾದ ನಾರು ಕಾಣುತ್ತದೆ, ನಕಲಿಯಲ್ಲಿ ಬಟ್ಟೆಯ ಎಳೆ ಕಾಣುತ್ತದೆ. ಬೂಟಿನ ಗುರುತುಪಟ್ಟಿಯಲ್ಲಿ ಹದ ಮಾಡಿದ ಇಡೀ ತೊಗಲಿನ ಆಕಾರದ ಚಿಹ್ನೆ ಇದ್ದರೆ ಚರ್ಮ. ವಜ್ರಾಕಾರದ ಚಿಹ್ನೆ ಇದ್ದರೆ ಬೇರೆ ವಸ್ತು. ಹೊರಗೆ ಚರ್ಮವಿದ್ದು ಒಳಗಡೆ ಸಿಂಥೆಟಿಕ್ ಅಸ್ತರಿ ಇರುವ ಬೂಟುಗಳೂ ಇವೆ. ಅವುಗಳಲ್ಲಿ ಚರ್ಮ ಹಿಗ್ಗಲು ಒಪ್ಪಿದರೂ ಅಸ್ತರಿ ಒಪ್ಪುವುದಿಲ್ಲ.

ಕೊನೆಯದಾಗಿ ನಿಮ್ಮ ಪಾದದ ಆರೋಗ್ಯ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿರುವವರು ‘ಹಾಕಿ ಹಾಕಿ ಸರಿಹೋಗುತ್ತದೆ’ ಎಂಬ ದಾರಿಯನ್ನು ಹಿಡಿಯಲೇಬಾರದು. ನೋವು ಗೊತ್ತಾಗದ ಪಾದಕ್ಕೆ ಗಾಯವಾದದ್ದೂ ಗೊತ್ತಾಗುವುದಿಲ್ಲ, ಅಂಥ ಗಾಯ ಮಾಯುವುದು ಬಹಳ ಕಷ್ಟ. ಹಿಗ್ಗಿಸುವುದಿದ್ದರೆ ಪಾದ ಹೊರಗಿರುವಾಗಲೇ, ಉಪಕರಣದಿಂದಲೇ ಆಗಬೇಕು. ಉಳಿದವರೂ ಬೆರಳು ಜೋಮು ಹಿಡಿದರೆ ಬೂಟನ್ನು ಆ ಕ್ಷಣವೇ ಬಿಚ್ಚಬೇಕು.

ನಮ್ಮಲ್ಲಿ ಇಷ್ಟೊಂದು ಬೂಟುಗಳು ಏಕೆ ಬಿಗಿ?

ಭಾರತದಲ್ಲಿ ಮಾರಾಟವಾಗುವ ಶೂಗಳ ಸೈಜು ಬಹುಮಟ್ಟಿಗೆ ಬ್ರಿಟಿಷ್ ಪದ್ಧತಿಯದು. ಆ ಪದ್ಧತಿಯಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಉದ್ದದಲ್ಲಿ ಇಂಚಿನ ಮೂರನೆಯ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸವಿದೆ. ಯುರೋಪಿನ ಅಂಕಿಗಳಲ್ಲಿ ಈ ಅಂತರ ಸುಮಾರು 6.7 ಮಿಲಿಮೀಟರ್. ಇವೆರಡೂ ಉದ್ದದ ಲೆಕ್ಕ, ಅಗಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳ ಅಳತೆ ತೆಗೆದು ‘ಭಾ’ ಎಂಬ ಭಾರತೀಯ ಪಾದರಕ್ಷೆ ಅಳತೆಯನ್ನು ಸೂಚಿಸಿತು. 2024ರಲ್ಲಿ ಇದು ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಭಾರತೀಯರ ಪಾದ ಸಾಮಾನ್ಯವಾಗಿ ಯುರೋಪಿನ ಮತ್ತು ಅಮೆರಿಕದ ಜನರ ಪಾದಕ್ಕಿಂತ ಅಗಲ ಎಂಬುದು ಆ ಸಮೀಕ್ಷೆಯಲ್ಲಿ ಕಂಡ ಮುಖ್ಯ ಸಂಗತಿ. ಅಗಲ ಸಾಲದೆಂದು ಒಂದು ಸೈಜು ದೊಡ್ಡದನ್ನು ಕೊಂಡು, ಮುಂದೆ ಖಾಲಿ ಜಾಗ ಬಿಟ್ಟುಕೊಂಡು ನಡೆಯುವವರು ನಮ್ಮಲ್ಲಿ ಬಹಳ ಮಂದಿ. ಹಾಗೆ ಮಾಡಿದಾಗ ಬೂಟು ಮಡಚುವ ಜಾಗಕ್ಕೂ ಪಾದ ಮಡಚುವ ಜಾಗಕ್ಕೂ ಹೊಂದಾಣಿಕೆ ತಪ್ಪುತ್ತದೆ, ಮಡಿಕೆ ಬೆರಳ ಮೇಲೆ ಒತ್ತುತ್ತದೆ. ಉದ್ದ ಸರಿಯಿದ್ದು ಅಗಲ ಮಾತ್ರ ಸಾಲದ ಬೂಟನ್ನು ಹಿಗ್ಗಿಸಿಕೊಳ್ಳುವುದು ಇದಕ್ಕಿಂತ ಎಷ್ಟೋ ವಾಸಿ.

ವಾಪಸು ಅಥವಾ ಬದಲಾವಣೆ

ಬೂಟು ಕೊಂಡು ಕೆಲವೇ ದಿನಗಳಾಗಿದ್ದರೆ, ಅಟ್ಟೆಗೆ ಮಣ್ಣು ತಾಗಿಲ್ಲದಿದ್ದರೆ, ಉಳಿದ ದಾರಿಗಳಿಗಿಂತ ಮೊದಲು ಇದನ್ನು ಯೋಚಿಸಿ. ಉದ್ದ ಸಾಲದವರಿಗೆ ಇದೊಂದೇ ದಾರಿ. ಉಕ್ಕಿನ ಮುಂಭಾಗವಿರುವ ಸುರಕ್ಷಾ ಶೂ ಧರಿಸುವ ಕಾರ್ಖಾನೆ ಕೆಲಸಗಾರರಿಗೂ ಇದೇ ದಾರಿ: ಆ ಉಕ್ಕಿನ ಟೊಪ್ಪಿಗೆ ಹಿಗ್ಗುವುದಿಲ್ಲ, ಹಿಗ್ಗಬಾರದು, ಅದನ್ನು ಬಗ್ಗಿಸಲು ಹೋದರೆ ಶೂ ಇರುವ ಉದ್ದೇಶವೇ ಕೆಡುತ್ತದೆ. ನೀರು ಒಳಗೆ ಬಾರದಂತೆ ಗೋರ್‌ಟೆಕ್ಸ್‌ನಂಥ ತೆಳು ಪೊರೆ ಹೊಲಿದಿರುವ ಚಾರಣದ ಮತ್ತು ಬೈಕ್ ಸವಾರಿಯ ಬೂಟುಗಳದ್ದೂ ಇದೇ ಕಥೆ. ಜೋರಾಗಿ ಎಳೆದರೆ ಪೊರೆಯ ಅಂಟುಪಟ್ಟಿ ಬಿಡುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ, ಮೊದಲ ಮಳೆಯಲ್ಲಿ ಕಾಲುಚೀಲ ಒದ್ದೆಯಾದಾಗ ಗೊತ್ತಾಗುತ್ತದೆ. ಆಗುಂಬೆಯ ಕಡೆ ಜುಲೈನಲ್ಲಿ ಬೈಕ್ ಓಡಿಸುವವರಿಗೆ ಇದು ಸಣ್ಣ ನಷ್ಟವಲ್ಲ.

ಇಲ್ಲೊಂದು ತೊಡಕಿದೆ. ಹಲವು ತಯಾರಕರು ನಮ್ಮಲ್ಲಿ ಪೂರ್ಣ ಸೈಜುಗಳನ್ನು ಮಾತ್ರ ಮಾರುತ್ತಾರೆ, ಅರ್ಧ ಸೈಜು ಸಿಗುವುದಿಲ್ಲ. ಬದಲಿಸಲು ಹೋದರೆ 8.5 ಮಿಲಿಮೀಟರ್ ಹೆಚ್ಚು ಉದ್ದದ್ದೇ ಸಿಗುತ್ತದೆ. ಹಾಗಿದ್ದಾಗ ಅದೇ ಸೈಜಿನಲ್ಲಿ ಅಗಲ ಹೆಚ್ಚಿರುವ ಮಾದರಿ ಇದೆಯೇ ಎಂದು ಕೇಳಿ. ಬ್ರಿಟಿಷ್ ಪದ್ಧತಿಯಲ್ಲಿ ಅಗಲವನ್ನು ಅಕ್ಷರಗಳಿಂದ ಗುರುತಿಸುತ್ತಾರೆ. ಹಲವು ತಯಾರಕರ ಗಂಡಸರ ಶೂಗಳಲ್ಲಿ ಜಿ ಎಂದಿದ್ದರೆ ತುಸು ಅಗಲ, ಎಚ್ ಎಂದಿದ್ದರೆ ಇನ್ನೂ ಅಗಲ.

ಲೇಸು ಮತ್ತು ಮೆತ್ತೆ

ಹೆಚ್ಚು ಖರ್ಚಿಲ್ಲದ, ಬೂಟಿಗೆ ಒಂದಿಷ್ಟೂ ಅಪಾಯವಿಲ್ಲದ ಈ ದಾರಿಯನ್ನು ಜನ ಮರೆಯುವುದು ನನಗೆ ಆಶ್ಚರ್ಯ. ಪಾದದ ಮೇಲ್ಭಾಗದ ಉಬ್ಬು ಎತ್ತರವಿರುವವರಿಗೆ ಲೇಸಿನ ಕೆಳಗೇ ಒತ್ತುತ್ತದೆ. ಒತ್ತುವ ಜಾಗದಲ್ಲಿ ಲೇಸನ್ನು ಅಡ್ಡ ದಾಟಿಸದೆ, ಆಯಾ ಬದಿಯಲ್ಲೇ ನೇರವಾಗಿ ಮೇಲಿನ ತೂತಿಗೆ ಒಯ್ದು, ಅಲ್ಲಿಂದ ಮುಂದೆ ಎಂದಿನಂತೆ ಕಟ್ಟಿ. ಒತ್ತಡ ಕೂಡಲೇ ಇಳಿಯುತ್ತದೆ. ಬೂಟಿನೊಳಗೆ ದಪ್ಪ ಮೆತ್ತೆ ಇದ್ದರೆ ತೆಗೆದು ತೆಳುವಾದದ್ದನ್ನು ಹಾಕಿ. ಎರಡು ಮೂರು ಮಿಲಿಮೀಟರ್ ಎತ್ತರ ಸಿಗುತ್ತದೆ. ಅಗಲದ ಸಮಸ್ಯೆಗೆ ಇದರಿಂದ ದೊಡ್ಡ ಪ್ರಯೋಜನವಿಲ್ಲ, ಆದರೆ ಬೂಟು ಎಲ್ಲ ಕಡೆಯೂ ‘ಸ್ವಲ್ಪ ಬಿಗಿ’ ಎನ್ನುವವರಲ್ಲಿ ಎಷ್ಟೋ ಮಂದಿಗೆ ಇಷ್ಟೇ ಸಾಕಾಗುತ್ತದೆ.

ಹಾಕಿಕೊಂಡೇ ಸಡಿಲಿಸುವುದು

ದಪ್ಪ ಕಾಲುಚೀಲ ಧರಿಸಿ ದಿನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೂಟು ಹಾಕಿಕೊಂಡು ನಡೆದಾಡುವುದು ಅತ್ಯಂತ ಹಳೆಯ ಕ್ರಮ. ಪಾದದ ಬಿಸಿ, ಬೆವರಿನ ತೇವ, ನಡಿಗೆಯ ಒತ್ತಡ ಮೂರೂ ಸೇರಿ ಚರ್ಮದ ನಾರುಗಳನ್ನು ನಿಮ್ಮ ಪಾದದ ಆಕಾರಕ್ಕೇ ಹೊಂದಿಸುತ್ತವೆ. ಯಾವ ಉಪಕರಣವೂ ಇಷ್ಟು ನಿಖರವಾಗಿ ನಿಮ್ಮ ಪಾದದ ಆಕಾರವನ್ನು ಬೂಟಿಗೆ ಕೊಡಲಾರದು. ಅಟ್ಟೆಯನ್ನು ಅಂಚುಪಟ್ಟಿಗೆ ಹೊಲಿದು ಮಾಡುವ ಗುಡ್‌ಇಯರ್ ವೆಲ್ಟ್ ಬೂಟುಗಳಲ್ಲಿ ಇನ್ನೊಂದು ಲಾಭವಿದೆ: ಅವುಗಳ ತಳದಲ್ಲಿ ಸಾಮಾನ್ಯವಾಗಿ ಕಾರ್ಕ್ ತುಂಬಿರುತ್ತಾರೆ, ವಾರಗಳು ಕಳೆದಂತೆ ಅದು ಭಾರಕ್ಕೆ ಕುಗ್ಗಿ ಪಾದ ಇನ್ನಷ್ಟು ಒಳಗೆ ಕೂರುತ್ತದೆ. ಹಾಗಾಗಿ ಇಂಥ ಬೂಟು ಆರಂಭದಲ್ಲಿ ಹಿತವಾಗಿ ಬಿಗಿಯಾಗಿದ್ದರೆ ಉಪಕರಣಕ್ಕೆ ಕೈಹಾಕಬೇಡಿ. ಈಗ ಹಿಗ್ಗಿಸಿದರೆ ಆಮೇಲೆ ಸಡಿಲವಾಗುತ್ತದೆ.

ನಮ್ಮ ಮನೆಗಳಲ್ಲಿ ಒಂದು ಪ್ರಾಯೋಗಿಕ ತೊಂದರೆ ಇದೆ: ಪಾದರಕ್ಷೆ ಹೊಸ್ತಿಲು ದಾಟುವುದಿಲ್ಲ. ಹೊರಗೆ ನಡೆದರೆ ಅಟ್ಟೆ ಕೊಳೆಯಾಗಿ ವಾಪಸು ಮಾಡುವ ಅವಕಾಶ ಹೋಗುತ್ತದೆ. ಮಹಡಿಯ ಮೇಲೋ ಜಗಲಿಯಲ್ಲೋ ಹಳೆಯ ಚಾಪೆ ಹಾಸಿಕೊಂಡು ನಡೆದಾಡುವುದು ಇದಕ್ಕೆ ಪರಿಹಾರ. ಕುಳಿತಿರುವುದಕ್ಕಿಂತ ಮೆಟ್ಟಿಲು ಹತ್ತಿ ಇಳಿಯುವುದು, ತುದಿಗಾಲಲ್ಲಿ ನಿಲ್ಲುವುದು ಹೆಚ್ಚು ಪ್ರಯೋಜನಕಾರಿ.

ಈ ಕ್ರಮಕ್ಕೆ ಬೇಕಾದದ್ದು ಎರಡರಿಂದ ನಾಲ್ಕು ವಾರಗಳ ತಾಳ್ಮೆ. ಒಂದೇ ಜಾಗದಲ್ಲಿ, ಉದಾಹರಣೆಗೆ ಕಿರುಬೆರಳ ಬುಡದಲ್ಲಿ, ಚುಚ್ಚಿದಂತೆ ನೋಯುವ ಬೂಟಿಗೆ ಇದು ಒಗ್ಗುವುದಿಲ್ಲ. ಅಲ್ಲಿ ಚರ್ಮ ಸೋಲುವ ಮೊದಲು ನಿಮ್ಮ ಬೆರಳು ಸೋಲುತ್ತದೆ, ಆಣಿ ಬೆಳೆಯುತ್ತದೆ.

ಸ್ಪ್ರೇ, ಸ್ಪಿರಿಟ್, ಎಣ್ಣೆ

ಅಂಗಡಿಗಳಲ್ಲಿ ಸಿಗುವ ಶೂ ಸ್ಟ್ರೆಚ್ ಸ್ಪ್ರೇಗಳಲ್ಲಿ ಬಹುಪಾಲಿನವು ಆಲ್ಕೋಹಾಲ್ ಮತ್ತು ನೀರಿನ ಮಿಶ್ರಣ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ಟಿಗೆ ಅಷ್ಟೇ ನೀರು ಬೆರೆಸಿದರೂ ಹೆಚ್ಚುಕಡಿಮೆ ಅದೇ ಕೆಲಸವಾಗುತ್ತದೆ. ಈ ದ್ರವ ಚರ್ಮದ ನಾರುಗಳನ್ನು ಒಂದಿಷ್ಟು ಹೊತ್ತು ಸಡಿಲಗೊಳಿಸುತ್ತದೆ, ಅಷ್ಟೇ, ತಾನಾಗಿ ಹಿಗ್ಗಿಸುವುದಿಲ್ಲ. ಸಿಂಪಡಿಸಿ ಮೂಲೆಯಲ್ಲಿಟ್ಟರೆ ಬೂಟು ಇದ್ದ ಅಳತೆಗೇ ಒಣಗುತ್ತದೆ. ಸಿಂಪಡಿಸಿದ ಕೂಡಲೇ ಒಳಗೆ ಪಾದವೋ ಸ್ಟ್ರೆಚರೋ ಇರಬೇಕು, ಒಣಗುವವರೆಗೂ ಇರಬೇಕು. ಆದ್ದರಿಂದ ಸ್ಪ್ರೇಯನ್ನು ಸ್ವತಂತ್ರ ಆಯ್ಕೆಯೆಂದು ಕೊಳ್ಳಬೇಡಿ, ಇನ್ನೊಂದು ಕ್ರಮದ ಜೊತೆಗಾರನೆಂದು ಕೊಳ್ಳಿ. ತಿಳಿಬಣ್ಣದ ಚರ್ಮದಲ್ಲಿ ಕಲೆ ಬೀಳಬಹುದು, ಕೆಲವು ಚರ್ಮದ ಮೇಲ್ಮೈ ಬಣ್ಣವೇ ಎದ್ದುಬರಬಹುದು; ಬೂಟಿನ ನಾಲಿಗೆಯ ಒಳಬದಿಯಲ್ಲಿ ಒಂದು ಹನಿ ಹಾಕಿ ಪರೀಕ್ಷಿಸಿ. ಸ್ಪಿರಿಟ್ ಚರ್ಮವನ್ನು ಒಣಗಿಸುವುದರಿಂದ ಕೊನೆಯಲ್ಲಿ ಲೆದರ್ ಕಂಡಿಷನರ್ ಹಚ್ಚಲೇಬೇಕು.

ಎಣ್ಣೆಯ ಬಗ್ಗೆ ಹಿರಿಯರು ಹೇಳುವುದು ಚಪ್ಪಲಿಯ ಮಟ್ಟಿಗೆ ಸರಿ. ಅಥಣಿಯ ಕಡೆ ಕೈಯಿಂದ ಮಾಡುವ ಕೊಲ್ಹಾಪುರಿ ಚಪ್ಪಲಿಯ ಗಟ್ಟಿ ಚರ್ಮಕ್ಕೆ ಎಣ್ಣೆ ಹಿತ. ಆದರೆ ಪಾಲಿಶ್ ಹಾಕುವ ಬೂಟಿಗೆ ಕೊಬ್ಬರಿ ಎಣ್ಣೆಯೋ ಹರಳೆಣ್ಣೆಯೋ ಸುರಿದರೆ ಬಣ್ಣ ಕಪ್ಪಿಡುತ್ತದೆ, ಪಾಲಿಶ್ ಹಿಡಿಯುವುದಿಲ್ಲ, ಅಟ್ಟೆ ಅಂಟಿಸಿದ ಬೂಟಾದರೆ ಅಂಟು ದುರ್ಬಲವಾಗುತ್ತದೆ. ಎಣ್ಣೆ ಚರ್ಮವನ್ನು ಮೆತ್ತಗಾಗಿಸುತ್ತದೆಯೇ ಹೊರತು ಅಗಲ ಕೊಡುವುದಿಲ್ಲ.

ಮರದ ಸ್ಟ್ರೆಚರ್

ಅಗಲದ ಸಮಸ್ಯೆ ಇರುವ ಹೆಚ್ಚಿನವರಿಗೆ ನಾನು ಸೂಚಿಸುವುದು ಇದನ್ನು. ಪಾದದ ಮುಂಭಾಗದ ಆಕಾರದ ಮರದ ಅಚ್ಚು ಎರಡು ಹೋಳಾಗಿರುತ್ತದೆ. ಹಿಂದಿನ ತಿರುಪನ್ನು ತಿರುಗಿಸಿದಂತೆ ಹೋಳುಗಳು ದೂರ ಸರಿಯುತ್ತವೆ. ಅಚ್ಚಿನಲ್ಲಿರುವ ಸಣ್ಣ ತೂತುಗಳಿಗೆ ಗುಬ್ಬಿಗಳನ್ನು ಸಿಕ್ಕಿಸಿ, ಹೆಬ್ಬೆರಳ ಗಂಟಿನ ಹತ್ತಿರವೋ ಕಿರುಬೆರಳ ಹತ್ತಿರವೋ ಬೇಕಾದ ಕಡೆ ಮಾತ್ರ ಹೆಚ್ಚು ಒತ್ತಡ ಬೀಳುವಂತೆ ಮಾಡಬಹುದು. ಬೆಲೆ ಕೆಲವು ನೂರು ರೂಪಾಯಿಗಳಿಂದ ಆರಂಭವಾಗುತ್ತದೆ. ಪ್ಲಾಸ್ಟಿಕ್ಕಿನವು ಅಗ್ಗ, ಆದರೆ ದಪ್ಪ ಚರ್ಮದ ಬೂಟಿನೊಳಗೆ ತಾವೇ ಬಗ್ಗುತ್ತವೆ. ಬೂಟಿಗೆ ಮರದ್ದೇ ಬೇಕು, ತಿರುಪಿನ ಹಿಡಿ ಬೂಟಿನ ಕತ್ತಿನಿಂದ ಮೇಲಕ್ಕೆ ಬರುವಷ್ಟು ಉದ್ದವಿರಬೇಕು.

ಕೊಳ್ಳುವಾಗ ಒಂದು ಎಚ್ಚರ: ಶೂ ಟ್ರೀ ಎಂದು ಮಾರುವ ವಸ್ತು ಬೇರೆ. ಅದು ಬೂಟಿನ ಆಕಾರ ಕೆಡದಂತೆ, ತೇವ ಹೀರುವಂತೆ ಒಳಗಿಡುವ ಮರದ ಪಾದ, ಹಿಗ್ಗಿಸಲು ಬಾರದು.

ಬಳಸುವ ರೀತಿ ಸರಳ, ಅವಸರ ಸಲ್ಲದು. ಒಳಭಾಗಕ್ಕೆ ಸ್ಪ್ರೇ ಹಾಕಿ, ಸ್ಟ್ರೆಚರ್ ಇಳಿಸಿ, ಚರ್ಮಕ್ಕೆ ತಾಗಿ ಬಿಗಿಯಾಗುವವರೆಗೆ ತಿರುಗಿಸಿ, ಆಮೇಲೆ ಒಂದೆರಡು ಸುತ್ತು ಮಾತ್ರ ಹೆಚ್ಚು. ಒಂದು ರಾತ್ರಿಯಿಂದ ಎರಡು ದಿನ ಹಾಗೇ ಬಿಡಿ. ತೆಗೆದು ಧರಿಸಿ ನೋಡಿ, ಸಾಲದಿದ್ದರೆ ಮತ್ತೆ ಅರ್ಧ ಸುತ್ತು. ಹೊರತೆಗೆದ ಮೇಲೆ ಚರ್ಮ ತುಸು ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ತೆಗೆದ ದಿನವೇ ಸ್ವಲ್ಪ ಹೊತ್ತು ಧರಿಸುವುದು ಒಳ್ಳೆಯದು. ಉದ್ದ ಮತ್ತು ಅಗಲ ಎರಡನ್ನೂ ಹಿಗ್ಗಿಸುತ್ತದೆ ಎಂದು ಮಾರುವ ಸ್ಟ್ರೆಚರಿನಲ್ಲಿ ಉದ್ದದ ತಿರುಪು ಅಚ್ಚನ್ನು ಬೂಟಿನೊಳಗೆ ಗಟ್ಟಿಯಾಗಿ ಕೂರಿಸಲು ಮಾತ್ರ ಎಂದು ತಿಳಿಯಿರಿ. ಅದನ್ನೇ ಬಿಗಿದರೆ ಹಿಮ್ಮಡಿಯ ಗಟ್ಟಿ ಭಾಗ ಹೊರಕ್ಕೆ ಬಾಗುತ್ತದೆ, ಬೂಟು ಉದ್ದವೂ ಆಗುವುದಿಲ್ಲ, ಹಿಮ್ಮಡಿಯೂ ನಿಲ್ಲುವುದಿಲ್ಲ.

ಎಷ್ಟು ಸಿಗುತ್ತದೆ? ಅಗಲದಲ್ಲಿ ನಾಲ್ಕೈದು ಮಿಲಿಮೀಟರ್ ಸಿಕ್ಕರೆ ಬಹಳ ಸಿಕ್ಕಿತು. ಅಟ್ಟೆಯ ಅಗಲ ಬದಲಾಗದೆ ಮೇಲಿನ ಚರ್ಮ ಮಾತ್ರ ಅದರ ಅಂಚಿನಾಚೆ ಉಬ್ಬುವುದರಿಂದ, ಇದಕ್ಕಿಂತ ಹೆಚ್ಚು ಬಯಸಿದರೆ ಹೊಲಿಗೆಗೆ ಪೆಟ್ಟು. ಅಟ್ಟೆಯನ್ನು ಚರ್ಮಕ್ಕೇ ನೇರವಾಗಿ ಅಚ್ಚೊತ್ತಿ ಕೂಡಿಸಿರುವ ಡಿಎಂಎಸ್ ಬೂಟುಗಳನ್ನು ಎನ್‌ಸಿಸಿ ಕೆಡೆಟ್‌ಗಳು ಬಲ್ಲರು. ಅವುಗಳಲ್ಲಿ ಅಟ್ಟೆಗೆ ಸಮೀಪದ ಭಾಗ ಸರಿಯುವುದೇ ಇಲ್ಲ, ಮೇಲ್ಭಾಗದಲ್ಲಷ್ಟೇ ಸಡಿಲ ಸಿಗುತ್ತದೆ. ಒಮ್ಮೆ ಅತಿಯಾಗಿ ಹಿಗ್ಗಿದ ಚರ್ಮವನ್ನು ಮತ್ತೆ ಕುಗ್ಗಿಸಲು ದಾರಿಯಿಲ್ಲ.

ಮನೆಯಲ್ಲಿ ಅಗಲ ಪಾದದವರು ಇಬ್ಬರು ಮೂವರಿದ್ದರೆ, ಪಾದಗಳು ಹತ್ತಿರದ ಸೈಜಿನವಾದರೆ, ಈ ಖರ್ಚು ಬೇಗ ಹುಟ್ಟುತ್ತದೆ. ಮಲೆನಾಡು ಕರಾವಳಿಯವರು ಮಳೆಗಾಲದಲ್ಲಿ ಮಾತ್ರ ಎಚ್ಚರದಿಂದಿರಬೇಕು: ಒದ್ದೆ ಮಾಡಿದ ಚರ್ಮ ಆ ಹವೆಯಲ್ಲಿ ಒಣಗುವುದಿಲ್ಲ, ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಫ್ಯಾನಿನ ಗಾಳಿಯಲ್ಲಿಡಿ, ಬಿಸಿಲಿಗಾಗಲೀ ಒಲೆಯ ಹತ್ತಿರಕ್ಕಾಗಲೀ ಒಯ್ಯಬೇಡಿ.

ಕೈಕಸುಬಿನವರಿಗೆ ಒಪ್ಪಿಸುವುದು

ಬೂಟು ದುಬಾರಿಯದಾದರೆ, ನೋವು ಒಂದೇ ಬಿಂದುವಿನಲ್ಲಿದ್ದರೆ, ಅಥವಾ ಬಿಗಿ ಇರುವುದು ಮೀನಖಂಡದಲ್ಲಾದರೆ, ಚರ್ಮದ ಕೆಲಸ ಬಲ್ಲವರ ಕೈಗೆ ಕೊಡಿ. ರಸ್ತೆ ಬದಿಯಲ್ಲಿ ಕೂರುವ ಚಮ್ಮಾರರಲ್ಲಿ ಹಲವರು ಚರ್ಮವನ್ನು ಬೆರಳಲ್ಲಿ ಒತ್ತಿ ನೋಡಿಯೇ ಅದು ಎಷ್ಟು ಮಣಿಯುತ್ತದೆ ಎಂದು ಹೇಳಬಲ್ಲರು. ಆ ಅನುಭವಕ್ಕೆ ಬೆಲೆ ಕೊಡಬೇಕು, ಚೌಕಾಸಿ ಮಾಡಿ ಇಳಿಸಬಾರದು. ಅವರಲ್ಲಿ ಕೆಲವರು ಮರದ ಅಚ್ಚು ಇಳಿಸಿ, ಬೆಣೆ ಹೊಡೆದು ಹಿಗ್ಗಿಸುತ್ತಾರೆ. ನಗರಗಳ ದೊಡ್ಡ ರಿಪೇರಿ ಅಂಗಡಿಗಳಲ್ಲಿ ತಿರುಪಿನ ಯಂತ್ರಗಳಿರುತ್ತವೆ. ಇಕ್ಕಳದಂತಿರುವ ಇನ್ನೊಂದು ಉಪಕರಣವೂ ಇದೆ: ಒಂದು ತುದಿಯಲ್ಲಿ ಗುಂಡು, ಇನ್ನೊಂದರಲ್ಲಿ ಬಳೆ. ಹೊರಗಿನಿಂದ ಬಳೆ, ಒಳಗಿನಿಂದ ಗುಂಡು ಒತ್ತಿ ಹೆಬ್ಬೆರಳ ಗಂಟಿಗೆ ಬೇಕಾದಷ್ಟೇ ಉಬ್ಬು ಮಾಡಿಕೊಡುತ್ತದೆ. ಹೆಬ್ಬೆರಳ ಬುಡದ ಮೂಳೆ ಹೊರಕ್ಕೆ ಚಾಚಿರುವವರಿಗೆ ಇದಕ್ಕಿಂತ ಒಳ್ಳೆಯ ಪರಿಹಾರ ನನಗೆ ತಿಳಿದಿಲ್ಲ.

ಹೋಗುವ ಮುನ್ನ ಬೂಟು ಧರಿಸಿ, ನೋಯುವ ಜಾಗಕ್ಕೆ ಹೊರಗಿನಿಂದ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎರಡು ಪ್ರಶ್ನೆ ಕೇಳಿ: ಬೆಂಕಿ ಅಥವಾ ಬಿಸಿಗಾಳಿ ಬಳಸುತ್ತೀರಾ? ಅಚ್ಚನ್ನು ಎಷ್ಟು ಹೊತ್ತು ಒಳಗೆ ಬಿಡುತ್ತೀರಿ? ಹತ್ತು ನಿಮಿಷದಲ್ಲಿ ಮಾಡಿಕೊಡುತ್ತೇನೆ ಎಂದರೆ ಒಪ್ಪಬೇಡಿ; ಒಂದು ರಾತ್ರಿಯಾದರೂ ಅಚ್ಚು ಒಳಗಿರಬೇಕು. ಉದ್ದ ಬೂಟು ಮೀನಖಂಡದ ಹತ್ತಿರ ಜಿಪ್ ಏರದಿದ್ದರೆ ಚರ್ಮವನ್ನು ಎಳೆಯುವುದಕ್ಕಿಂತ ಒಂದು ಎಲಾಸ್ಟಿಕ್ ಪಟ್ಟಿ ಸೇರಿಸಿ ಹೊಲಿಸಿಕೊಳ್ಳುವುದು ಒಳ್ಳೆಯದು. ಇದನ್ನು ಮನೆಯಲ್ಲಿ ಮಾಡಲಾಗದು.

ಅಮೆರಿಕ, ಯುರೋಪುಗಳಲ್ಲಿರುವ ಕನ್ನಡಿಗರಿಗೆ ಲೆಕ್ಕ ಬದಲಾಗುತ್ತದೆ. ಅಲ್ಲಿ ರಿಪೇರಿ ಕೂಲಿ ಹೆಚ್ಚು, ಚಳಿಗಾಲದ ಬೂಟು ಪ್ರತಿ ವರ್ಷವೂ ಬೇಕು. ಒಂದು ಒಳ್ಳೆಯ ಸ್ಟ್ರೆಚರ್ ಕೊಂಡಿಟ್ಟುಕೊಳ್ಳುವುದೇ ಅಗ್ಗ. ಅಲ್ಲಿ ಅಗಲದ ಆಯ್ಕೆಗಳೂ ಹೆಚ್ಚು ಸಿಗುವುದರಿಂದ ಬದಲಾಯಿಸುವುದೂ ಸುಲಭ. ದಪ್ಪ ಉಣ್ಣೆಯ ಕಾಲುಚೀಲ ಧರಿಸಿಯೇ ಬೂಟು ಆರಿಸಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಬಿಸಿ ಮತ್ತು ಮಂಜುಗಡ್ಡೆ

ಇವೆರಡನ್ನೂ ನಾನು ಸೂಚಿಸುವುದಿಲ್ಲ. ಹೇರ್ ಡ್ರೈಯರ್ ಚರ್ಮದ ತೇವವನ್ನು ಒಣಗಿಸುತ್ತದೆ, ಅಟ್ಟೆಯ ಅಂಟನ್ನು ಮೆತ್ತಗಾಗಿಸುತ್ತದೆ. ಒದ್ದೆ ಚರ್ಮಕ್ಕೆ ಬಿಸಿ ತಾಗುವುದಂತೂ ಇನ್ನೂ ಕೆಟ್ಟದ್ದು: ತೇವವಿರುವಾಗ ಚರ್ಮ ಕಡಿಮೆ ಉಷ್ಣದಲ್ಲೇ ಸುರುಟುತ್ತದೆ, ಸುರುಟಿದ ನಾರು ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ಹಿಗ್ಗಿಸಲು ಹೋಗಿ ಕುಗ್ಗಿಸಿದಂತಾಗುತ್ತದೆ.

ಫ್ರೀಜರಿನ ಉಪಾಯದ ಹಿಂದೆ ನಿಜವಾದ ವಿಜ್ಞಾನವಿದೆ. ನೀರು ಹೆಪ್ಪುಗಟ್ಟುವಾಗ ಗಾತ್ರದಲ್ಲಿ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಆದರೆ ಅದು ಅಡ್ಡಿ ಕಡಿಮೆ ಇರುವ ಕಡೆಗೆ, ಅಂದರೆ ಬೂಟಿನ ತೆರೆದ ಬಾಯಿಯ ಕಡೆಗೇ ಹೆಚ್ಚು ಹಿಗ್ಗುತ್ತದೆ. ಎಲ್ಲಿ ಎಷ್ಟು ಒತ್ತಬೇಕೆಂದು ಮಂಜುಗಡ್ಡೆಗೆ ಹೇಳಲಾಗದು. ಚೀಲ ಸೋರಿದರೆ ಬೂಟು ಒಳಗಿನಿಂದಲೇ ತೊಯ್ಯುತ್ತದೆ. ಅನ್ನ, ಮೊಸರು ಇಡುವ ಫ್ರಿಜ್ಜಿನಲ್ಲಿ ಬೂಟು ಇಡಲು ನಮ್ಮ ಮನೆಗಳಲ್ಲಿ ಒಪ್ಪುವವರೂ ವಿರಳ.

ಯಾರಿಗೆ ಯಾವುದು

ಕೈಯಲ್ಲಿ ಹಣ ಕಡಿಮೆ, ಸಮಯ ಇದೆ, ಬೂಟು ಎಲ್ಲ ಕಡೆಯೂ ಸಮವಾಗಿ ತುಸು ಬಿಗಿ ಎನ್ನುವ ವಿದ್ಯಾರ್ಥಿಗೆ ಲೇಸಿನ ಬದಲಾವಣೆ, ತೆಳು ಮೆತ್ತೆ, ದಪ್ಪ ಕಾಲುಚೀಲ ಸಾಕು. ಸಾವಿರ ಹನ್ನೆರಡು ನೂರರ ಬೂಟಿಗೆ ಅಷ್ಟೇ ಬೆಲೆಯ ಸ್ಟ್ರೆಚರ್ ತಂದರೆ ಮೂಗಿಗಿಂತ ಮೂಗುತಿ ಭಾರ. ಅಂಥದ್ದಕ್ಕೆ ಬೀದಿಯ ಚಮ್ಮಾರರೇ ಸರಿ. ನಾಲ್ಕೈದು ಸಾವಿರ ದಾಟಿದ, ಹಲವು ವರ್ಷ ಬಾಳಬೇಕಾದ, ಉದ್ದ ಸರಿಯಿದ್ದು ಬೆರಳ ಬುಡದಲ್ಲಿ ಬಿಗಿಯಾದ ಬೂಟಿಗೆ ಮರದ ಸ್ಟ್ರೆಚರ್ ಮತ್ತು ಸ್ಪ್ರೇ. ಕಂದು ಅಥವಾ ತಿಳಿಬಣ್ಣದ ನಯವಾದ ಚರ್ಮಕ್ಕೆ ಸ್ಪ್ರೇ ಬಿಟ್ಟು ಸ್ಟ್ರೆಚರ್ ಮಾತ್ರ, ದಿನ ಹೆಚ್ಚು ಹಿಡಿದರೂ ಚಿಂತೆಯಿಲ್ಲ. ಮಧುಮೇಹಿಗಳು ಮೊದಲು ವೈದ್ಯರಿಗೆ ಪಾದ ತೋರಿಸಿ, ಅಗಲದ ಸೈಜು ಕೊಳ್ಳುವುದೇ ಕ್ಷೇಮ. ರೆಕ್ಸಿನ್, ಪೇಟೆಂಟ್, ಉಕ್ಕಿನ ಮುಂಭಾಗ, ಜಲನಿರೋಧಕ ಪೊರೆ, ಉದ್ದ ಸಾಲದಿರುವುದು, ಈ ಐದರಲ್ಲಿ ಯಾವುದೊಂದಿದ್ದರೂ ಹಿಗ್ಗಿಸುವ ಯೋಚನೆ ಬಿಡಿ. ವಾಪಸಿನ ಅವಧಿ ಮುಗಿದಿದ್ದರೆ ಕಿರಿದಾದ ಪಾದದ ತಮ್ಮನಿಗೋ ಗೆಳೆಯನಿಗೋ ಕೊಟ್ಟುಬಿಡಿ.

ನಾಳಿದ್ದೇ ಪರೇಡ್, ಅಥವಾ ನಾಳಿದ್ದೇ ಮದುವೆ ಎನ್ನುವವರಿಗೆ ಪೂರ್ಣ ಪರಿಹಾರ ಯಾವುದೂ ಇಲ್ಲ. ಇವತ್ತು ರಾತ್ರಿ ಸ್ಪ್ರೇ ಹಾಕಿ ಸ್ಟ್ರೆಚರ್ ಇಳಿಸಿಡಿ, ನಾಳೆ ಸಂಜೆ ತೆಗೆದು ಅರ್ಧ ಗಂಟೆ ಧರಿಸಿ ನೋಡಿ. ಆ ದಿನ ತೆಳುವಾದ ಕಾಲುಚೀಲ ಹಾಕಿಕೊಳ್ಳಿ, ಉಜ್ಜುವ ಜಾಗಕ್ಕೆ ಮುಂಚೆಯೇ ಔಷಧಿ ಅಂಗಡಿಯ ಬಟ್ಟೆಯ ಪ್ಲಾಸ್ಟರ್ ಅಂಟಿಸಿ, ಲೇಸನ್ನು ಒತ್ತುವ ಕಡೆ ದಾಟಿಸದೆ ಕಟ್ಟಿ. ಕೆಲಸ ಮುಗಿದ ಕೂಡಲೇ ಹಾಕಿಕೊಳ್ಳಲು ಹಳೆಯ ಚಪ್ಪಲಿಯನ್ನು ಚೀಲದಲ್ಲಿಟ್ಟುಕೊಳ್ಳಿ. ಇನ್ನೂ ಬೇಕಾದ ಒಂದೆರಡು ಮಿಲಿಮೀಟರನ್ನು ಮುಂದಿನ ವಾರ, ಸ್ಟ್ರೆಚರನ್ನು ಮತ್ತೆ ಇಳಿಸಿ ನಿಧಾನವಾಗಿ ಪಡೆಯಬಹುದು.